ಗುಳೆ ಹೋದ ಮನಿ ಯಾರ ಲೆಕ್ಕದಾಗ?

ರಾಯಚೂರು, ಕೊಪ್ಪಳ ಜಿಲ್ಲೆ ಹಳ್ಳಿಗಳಾಗ ಮನಿ ಮನಿ ಸರ್ವೆ ಮಾಡೋದು ನನ್ನ ಕೆಲಸ, ಎಷ್ಟು ಮಂದಿ, ಎಷ್ಟು ಎಕರೆ, ಎಷ್ಟು ದುಡಿಮಿ, ಎಷ್ಟು ಸಾಲ ಅಂತ ಕೂತು ಬರ್ಕೊಳ್ಳೋದು. ಈ ಕೆಲಸಕ್ಕ ಹೊಸದಾಗಿ ಬಂದ ಹುಡುಗ್ರು ಊರಾಗ ಜನ ಕಮ್ಮಿ ಆಗ್ಯಾರ ಸರ್ ಅಂದ್ರ ನಾನು ಮೊದಲು ಕೇಳೋದು ಒಂದೇ, ಯಾವ ತಿಂಗಳು ಹೋಗಿದ್ರಿ?

ದೇವದುರ್ಗ, ಲಿಂಗಸುಗೂರು ಕಡೆ ಕಾಲುವೆ ನೀರು ಮುಟ್ಟದ ಊರುಗಳಾಗ ಹತ್ತಿ ಬಿಡಿಸಿ, ತೊಗರಿ ರಾಶಿ ಮುಗೀತು ಅಂದ್ರ ಮಂದಿ ಗುಳೆ ಹೋಗ್ತಾರ, ಬೆಂಗಳೂರಿನ ಬಿಲ್ಡಿಂಗ್ ಕೆಲಸಕ್ಕ, ಪುಣೆಗೆ, ಹೈದರಾಬಾದಿಗೆ. ಗಂಡ ಹೆಂಡ್ತಿ ಬಗಲಾಗಿನ ಕೂಸು ಹೋಗ್ತಾರ, ಮುದುಕರು ಮತ್ತ ಸಾಲಿಗೆ ಹೋಗೋ ಮಕ್ಳು ಉಳೀತಾರ, ಎಷ್ಟೋ ಮನಿಗೆ ಪೂರಾ ಕೀಲಿ ಬೀಳ್ತದ. ಜಾತ್ರಿಗೆ, ಉಗಾದಿಗೆ ಒಂದ್ಸಲ ಬಂದು ಹೋಗ್ತಾರ, ಮುಂಗಾರು ಬಿತ್ತಿಗಿಗೆ ವಾಪಸ್ ಬರ್ತಾರ. ನಾನೂ ಶುರುವಿನಾಗ ಒಂದು ಊರಿನ ಸರ್ವೆ ಫೆಬ್ರವರಿಯಾಗ ಮಾಡಿ ಮುಗಿಸಿದ್ದೆ, ಜೂನ್‌ದಾಗ ಮತ್ತ ಹೋದಾಗ ಅದೇ ಓಣಿಯಾಗ ನನಗ ಗೊತ್ತಿಲ್ಲದ ಮುಖಗಳೇ ಜಾಸ್ತಿ ಇದ್ವು, ಪೂರಾ ಕೆಲಸ ಮತ್ತ ಮಾಡಬೇಕಾತು.

ಇದು ನನ್ನ ಸಣ್ಣ ಸರ್ವೆದು ಅಷ್ಟೇ ಅಲ್ಲ. 2011ರ ಜನಗಣತಿಯಾಗ ತಲಿ ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ, ಅಂದ್ರ ಗುಳೆ ಹೋಗಿರೋ ಕಾಲದಾಗೇ. ಆ ಇಪ್ಪತ್ತು ದಿನ ಪೂರಾ ಊರಾಗ ಇಲ್ಲದವರನ್ನ ಊರಿನ ಲೆಕ್ಕಕ್ಕ ಹಿಡಿಯಂಗಿಲ್ಲ, ಅವರು ಇರೋ ಜಾಗದಾಗ ಬರೀಬೇಕು ಅನ್ನೋದು ನಿಯಮ. ನಿಯಮ ತಪ್ಪಲ್ಲ, ಆದ್ರ ಕಟ್ಟಡದ ಪಕ್ಕ ತಗಡಿನ ಶೆಡ್‌ನಾಗ ಇರೋರನ್ನ ಯಾರೂ ಕೇಳದೇ ಹೋದ್ರ ಅವರು ಎರಡೂ ಕಡೆ ಇಲ್ಲ.

ಜಿಲ್ಲಾ ಮಟ್ಟದ ಅಂಕಿ ನೋಡಿದ್ರ ಇದು ಕಾಣಂಗೇ ಇಲ್ಲ. ರಾಯಚೂರು ಜಿಲ್ಲೆ 2011ರಾಗ 19.29 ಲಕ್ಷ, ಹತ್ತು ವರ್ಷದ ಬೆಳವಣಿಗೆ ಶೇ 15.5, ರಾಜ್ಯದ್ದು ಶೇ 15.6, ಎಲ್ಲಾ ಸರಿ ಅದ ಅನಿಸ್ತದ. ಲಿಂಗಾನುಪಾತ ನೋಡ್ರಿ, ಸಾವಿರ ಗಂಡಸರಿಗೆ ರಾಜ್ಯದಾಗ 973 ಹೆಣ್ಮಕ್ಕಳು, ರಾಯಚೂರಾಗ 1000. ಇದನ್ನ ಭಾಷಣದಾಗ ಹೆಮ್ಮೆಯಿಂದ ಹೇಳ್ತಾರ, ಆದ್ರ ದುಡಿಯೋ ಗಂಡಸರು ಹೊರಗ ಇರೋದೂ ಅದರಾಗ ಸೇರಿರಬಹುದು ಅಂತ ನನ್ನ ಅನುಮಾನ.

ಆದಾಯದ ಲೆಕ್ಕ ಇನ್ನೂ ಕಷ್ಟ. ಬಿಪಿಎಲ್ ಕಾರ್ಡಿಗೆ ವರ್ಷಕ್ಕ 1.20 ಲಕ್ಷದ ಮಿತಿ ಅದ, ಕಾರ್ಡ್ ಹೋದ್ರ ಅಕ್ಕಿ ಹೋಗ್ತದ, ದವಾಖಾನಿ ಸೌಲಭ್ಯ ಹೋಗ್ತದ, ಅದಕ್ಕ ಆದಾಯ ಎಷ್ಟು ಅಂದ ಕೂಡ್ಲೇ ಮಂದಿ ಕಮ್ಮಿ ಹೇಳ್ತಾರ. ಅದನ್ನ ಸುಳ್ಳು ಅಂತ ಕರಿಯೋಕ ನನಗ ಮನಸ್ಸಿಲ್ಲ, ನಾವು ಪ್ರಶ್ನೆ ಕೇಳೋ ರೀತಿನೇ ಸರಿ ಇಲ್ಲ. ವರ್ಷದ ಆದಾಯ ಅಂತ ಕೇಳಬಾರ್ದು, ಹಂಗಾಮು ಹಿಡಿದು ಕೇಳಬೇಕು. ಹತ್ತಿ ಎಷ್ಟು ಕ್ವಿಂಟಲ್ ಆತು, ಬೀಜ ಗೊಬ್ಬರದ ಅಂಗಡಿ ಉದ್ರಿ ಎಷ್ಟು ಕಳೀತು, ಸಿಂಧನೂರು ಕಡೆ ನಾಟಿಗೆ ಎಷ್ಟು ದಿನ ಹೋದ್ರಿ, ಮೇಸ್ತ್ರಿ ಮುಂಗಡ ಎಷ್ಟು ಕೊಟ್ಟ, ಕುರಿ ಎಷ್ಟು ಮಾರಿದ್ರಿ. ಹಿಂಗ ಕೇಳಿದ್ರ ಅವ್ವಂದಿರು ತಾವೇ ಬೆರಳು ಮಡಚಿ ಲೆಕ್ಕ ಹೇಳ್ತಾರ, ಗಂಡಸರಿಗಿಂತ ಖಚಿತ.

ಮುಂಗಡಾನ ಆದಾಯ ಅಂತ ಬರೀಬ್ಯಾಡ್ರಿ, ಅದು ದುಡಿದು ತೀರಿಸೋ ಸಾಲ. ಗೃಹಲಕ್ಷ್ಮಿ ತಿಂಗಳಿಗೆ 2,000, ವರ್ಷಕ್ಕ 24,000, ಅದನ್ನ ಬ್ಯಾರೇನೇ ಬರೀರಿ. 2025-26ರಾಗ ನರೇಗಾ ಕೂಲಿ 370 ರೂಪಾಯಿ ಇತ್ತು, ಒಂದು ಮನಿಗೆ 100 ದಿನ ಪೂರಾ ಸಿಕ್ಕಿದ್ರ 37,000 ಆಗ್ತಿತ್ತು, ಆದ್ರ ಎಷ್ಟು ದಿನ ಸಿಗ್ತು ಅಂತ ಪ್ರತಿ ಮನಿ ಕೇಳಲೇಬೇಕು, ನೂರಕ್ಕ ಗುಣಿಸಿ ಬರಿಯೋದು ದೊಡ್ಡ ತಪ್ಪು.

ಇನ್ನ ಸರಾಸರಿ. ಒಂಬತ್ತು ಮನಿ ಒಂದೊಂದು ಲಕ್ಷ ದುಡೀತಾವ, ಹತ್ತನೇದು ನೌಕರಿ ಟ್ರ್ಯಾಕ್ಟರ್ ಎರಡೂ ಇರೋ ಮನಿ, 11 ಲಕ್ಷ. ಸರಾಸರಿ ತೆಗೆದ್ರ ಮನಿಗೆ ಎರಡು ಲಕ್ಷ ಬರ್ತದ, ಅಷ್ಟು ದುಡಿಯೋ ಮನಿ ಒಂದೂ ಆ ಓಣಿಯಾಗ ಇಲ್ಲ! ಅದಕ್ಕ ನಾನು ಮನಿಗಳನ್ನ ಆದಾಯದ ಸಾಲಿನಾಗ ನಿಲ್ಲಿಸಿ ನಡುವಿನ ಮನಿದು ಎಷ್ಟು ಅಂತ ನೋಡ್ತೀನಿ.

ಮುಂದಿನ ಜನಗಣತಿ ತಲಿ ಎಣಿಕೆ ಫೆಬ್ರವರಿ 2027ರಾಗ, ಮತ್ತ ಗುಳೆ ಕಾಲದಾಗೇ. ನಮ್ಮ ರಾಜ್ಯದಾಗ 400 ಮಂದಿಗೆ ಒಬ್ಬ ಗ್ರಾಮ ಪಂಚಾಯ್ತಿ ಮೆಂಬರ್, ಬರೋ ಅನುದಾನ, ಅಂಗನವಾಡಿ ಎಲ್ಲಾ ಈ ತಲಿ ಎಣಿಕೆ ಮ್ಯಾಲೇ ನಿಂತಾವ. ಪಂಚಾಯ್ತಿಯವರು ಈಗಿಂದಲೇ ಓಣಿವಾರು ಒಂದು ವಹಿ ಇಟ್ಟು ಯಾರು, ಯಾವ ಊರಿಗೆ, ಯಾವ ತಿಂಗಳು ಹೋದ್ರು ಅಂತ ಬರದಿಡಬೇಕು. ಎರಡು ದಿನಕ್ಕಾದ್ರೂ ಊರಿಗೆ ಬಂದು ಹೋಗಾಕ ಆಗೋರಿಗೆ ಎಣಿಕಿ ತಾರೀಕು ಫೋನ್ ಮಾಡಿ ಹೇಳ್ರಿ. ಆಗದವರಿಗೆ, ಶೆಡ್ಡಿಗೆ ಎಣಿಸಾಕ ಬಂದ್ರ ತಪ್ಪದೇ ಹೆಸ್ರು ಬರಸ್ರಿ, ಬರದಿದ್ರ ಮೇಸ್ತ್ರಿನ್ನ ಕೇಳ್ರಿ ಅಂತ ಹೇಳಿ ಕಳಸ್ರಿ.