ಮಲಗಿದರೆ ಇಳಿಯುವ ತಲೆನೋವು

ತೀರ್ಥಹಳ್ಳಿಯ ಕಡೆಗೆ ಮದುವೆಯಾಗಿ ಹೋಗಿರುವ ನನ್ನ ಅಕ್ಕನಿಗೆ ಮೂರು ವರ್ಷದ ಹಿಂದೆ ಅಡಿಕೆ ಸುಗ್ಗಿಯ ನಡುವೆ ತಲೆನೋವು ಶುರುವಾಯಿತು. ಬೆಳಿಗ್ಗೆ ಕಣ್ಣು ಬಿಡುವಾಗ ಏನೂ ಇರುತ್ತಿರಲಿಲ್ಲ. ಒಲೆ ಹೊತ್ತಿಸಿ, ದೋಸೆ ಎರೆದು, ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂರುವ ಹೊತ್ತಿಗೆ ಹಿಂದಲೆಯಿಂದ ಕುತ್ತಿಗೆಯವರೆಗೆ ಯಾರೋ ಜಗ್ಗಿದಂತಾಗುತ್ತಿತ್ತು, ಪಕ್ಕದಲ್ಲಿ ಕೂತವರ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಜಗಲಿಯ ತಣ್ಣನೆಯ ನೆಲದ ಮೇಲೆ ದಿಂಬಿಲ್ಲದೆ ಮಲಗಿದರೆ ಅರ್ಧ ಗಂಟೆಯಲ್ಲಿ ನೋವು ಇಳಿಯುತ್ತಿತ್ತು. ಜ್ವರವಿರಲಿಲ್ಲವಾದ್ದರಿಂದ ಮಂಗನ ಕಾಯಿಲೆಯ ಭಯ ಬೇಗ ದೂರವಾಯಿತು. ಮನೆಯವರು ಪಿತ್ತವೆಂದರು, ಒಂದು ಕಡೆ ಮೈಗ್ರೇನ್, ಇನ್ನೊಂದು ಕಡೆ ಸೈನಸ್, ಮತ್ತೊಂದು ಕಡೆ ಮನಸ್ಸಿನ ಒತ್ತಡ ಎಂದು ಚೀಟಿ ಬರೆದುಕೊಟ್ಟರು. ಸುಗ್ಗಿಯ ದಿನಗಳಲ್ಲಿ ಹಗಲು ಹೊತ್ತು ಮಲಗುವ ಹೆಂಗಸು ಎಂತೆಂಥ ಮಾತು ಕೇಳಬೇಕಾಗುತ್ತದೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. "ಮಲಗಿದ ಮೇಲೆ ಎಷ್ಟು ಹೊತ್ತಿಗೆ ಕಡಿಮೆಯಾಗುತ್ತದೆ ಅಮ್ಮಾ?" ಎಂದು ಕೇಳುವ ವೈದ್ಯರು ಸಿಗುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಮಿದುಳನ್ನು ಸುತ್ತುವರಿದ ದ್ರವ ಬೆನ್ನಿನ ಬಳಿ ಸೋರುತ್ತಿತ್ತು.

ನಮ್ಮ ಮಿದುಳು ತಲೆಬುರುಡೆಯೊಳಗೆ ನೀರಿನಂಥ ತಿಳಿದ್ರವವೊಂದರಲ್ಲಿ ತೇಲುತ್ತಿರುತ್ತದೆ. ವೈದ್ಯರು ಸಿಎಸ್‌ಎಫ್ ಎನ್ನುವ ಈ ದ್ರವ ಮಿದುಳಿನ ಒಳಕುಹರಗಳಲ್ಲಿ ಹುಟ್ಟಿ, ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದು, ಕೊನೆಗೆ ರಕ್ತವನ್ನು ಸೇರುತ್ತದೆ. ವಯಸ್ಕರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿ.ಲೀ. ಮಾತ್ರ, ಆದರೆ ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ತಯಾರಾಗುತ್ತದೆ. ಸುಮಾರು 1,400 ಗ್ರಾಂ ತೂಗುವ ಮಿದುಳು ಇದರಲ್ಲಿ ತೇಲುವಾಗ ಬರೀ 50 ಗ್ರಾಂ ತೂಗುವಷ್ಟು ಹಗುರವಾಗಿರುತ್ತದೆ. ಇದೆಲ್ಲವನ್ನೂ ಚೀಲದಂತೆ ಹಿಡಿದಿಟ್ಟಿರುವುದು ಡ್ಯೂರಾ ಎಂಬ ಗಟ್ಟಿ ಹೊರಪೊರೆ; ಅದು ತಲೆಯಿಂದ ಸೊಂಟದ ಕೆಳಗಿನವರೆಗೆ ಇಳಿದಿರುತ್ತದೆ.

ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಇಳಿಸಿಕೊಳ್ಳುವ ಮಲೆನಾಡಿನ ಮನೆಯವರಿಗೆ ಮುಂದಿನ ಸಂಗತಿಯನ್ನು ವಿವರಿಸಬೇಕಾಗಿಲ್ಲ. ನೀರಿನ ಒತ್ತಡ ಇಳಿಜಾರಿನ ಮೇಲ್ಭಾಗದಲ್ಲಿ ಕಡಿಮೆ, ತಗ್ಗಿನಲ್ಲಿ ಹೆಚ್ಚು. ಆದ್ದರಿಂದ ತಗ್ಗಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ನೀರು ಚಿಮ್ಮುತ್ತದೆ. ನಾವು ನಿಂತಾಗ ಸಿಎಸ್‌ಎಫ್ ಕೂಡ ಹಾಗೊಂದು ನಿಂತ ಕಂಬವಾಗುತ್ತದೆ. ಬೆನ್ನಿನ ಮಟ್ಟದಲ್ಲಿ ಡ್ಯೂರಾ ಹರಿದಿದ್ದರೆ ಒಸರುವಿಕೆ ಹೆಚ್ಚಿ, ಆಸರೆ ಕಳೆದುಕೊಂಡ ಮಿದುಳು ತುಸು ಕೆಳಗೆ ಜಗ್ಗುತ್ತದೆ. ಮಿದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ; ಅದರ ಸುತ್ತಲಿನ ಪೊರೆ ಮತ್ತು ರಕ್ತನಾಳಗಳಿಗೆ ಗೊತ್ತಾಗುತ್ತದೆ. ಬುರುಡೆಯೊಳಗಿನ ಜಾಗ ಬದಲಾಗದಿರುವುದರಿಂದ, ದ್ರವ ಕಡಿಮೆಯಾದಷ್ಟನ್ನೂ ರಕ್ತ ತುಂಬಿಕೊಳ್ಳಬೇಕಾಗಿ ಅಭಿಧಮನಿಗಳು ಉಬ್ಬುತ್ತವೆ. ಮಲಗಿದೊಡನೆ ಕಂಬ ಅಡ್ಡವಾಗುತ್ತದೆ, ಎಳೆತ ಸಡಿಲುತ್ತದೆ. ಅಕ್ಕ ಒಂದು ಲೋಟ ಗಟ್ಟಿ ಕಾಫಿ ಕುಡಿದರೆ ತುಸು ಹೊತ್ತು ವಾಸಿ ಎನ್ನುತ್ತಿದ್ದಳು. ಕೆಫೀನ್ ಉಬ್ಬಿದ ನಾಳಗಳನ್ನು ಕುಗ್ಗಿಸುತ್ತದಾದ್ದರಿಂದ ಅದೂ ನಿಜವೇ ಆಗಿತ್ತು.

ಈ ನೋವನ್ನು ಮೊದಲು ತನ್ನ ಮೈಮೇಲೆಯೇ ಅನುಭವಿಸಿ ದಾಖಲಿಸಿದವರಲ್ಲಿ ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಒಬ್ಬ. 1898ರಲ್ಲಿ ಬೆನ್ನಿಗೆ ಅರಿವಳಿಕೆ ಕೊಡುವ ವಿಧಾನವನ್ನು ತನ್ನ ಮೇಲೆ ಪರೀಕ್ಷಿಸಲು ಹೋಗಿ ಸಾಕಷ್ಟು ದ್ರವ ಕಳೆದುಕೊಂಡ ಆತನಿಗೆ ಮುಂದಿನ ದಿನಗಳಲ್ಲಿ ಎದ್ದರೆ ತಲೆನೋವು, ಮಲಗಿದರೆ ಆರಾಮ. ಸಿಜೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಪಡೆದ ಕೆಲವು ಬಾಣಂತಿಯರಿಗೆ ಇಂದಿಗೂ ಬರುವ ತಲೆನೋವು ಇದೇ. ತಲೆ ಎತ್ತದೆ ಮಲಗಿದ್ದರೆ ಇದು ಬರುವುದಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ. ಸಣ್ಣ, ಪೆನ್ಸಿಲ್ ತುದಿಯಂಥ ಮೊನೆಯ ಸೂಜಿ ಬಳಸುವುದರಿಂದ ಮಾತ್ರ ಖಚಿತವಾಗಿ ಕಡಿಮೆಯಾಗುತ್ತದೆ.

ಸೂಜಿ ತಾಗದೆ ತಾನಾಗಿಯೇ ಸೋರುವುದೂ ಉಂಟೆಂದು 1938ರಲ್ಲಿ ಜರ್ಮನಿಯ ನರವೈದ್ಯ ಗೇಯಾರ್ಗ್ ಶಾಲ್ಟೆನ್‌ಬ್ರಾಂಡ್ ಬರೆದರು. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಗಟ್ಟಿಯಾಗಿ ಮುಳ್ಳಿನಂತೆ ಚಾಚಿ ಪೊರೆಯನ್ನು ಸೀಳಬಹುದು. ನರ ಹೊರಬರುವಲ್ಲಿ ಪೊರೆ ತೆಳುವಾಗಿ ಒಡೆಯಬಹುದು. ಇಲ್ಲವೇ ದ್ರವ ನೇರವಾಗಿ ಪಕ್ಕದ ಅಭಿಧಮನಿಯೊಂದಕ್ಕೆ ಹರಿದುಹೋಗಬಹುದು. ಈ ಮೂರನೆಯ ದಾರಿ ವೈದ್ಯಲೋಕಕ್ಕೆ ಪರಿಚಯವಾದದ್ದು 2014ರಲ್ಲಿ. ಅದಕ್ಕೂ ಮೊದಲು ಎಷ್ಟು ಜನರಿಗೆ "ನಿಮಗೆ ಏನೂ ಇಲ್ಲ" ಎಂದು ಹೇಳಿ ಕಳಿಸಿರಬಹುದೆಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಈ ಕಾಯಿಲೆಯ ಇಂಗ್ಲಿಷ್ ಹೆಸರಾದ ಇಂಟ್ರಾಕ್ರೇನಿಯಲ್ ಹೈಪೊಟೆನ್ಷನ್‌ನಲ್ಲಿ ತಲೆಯೊಳಗಿನ ಒತ್ತಡ ಕಡಿಮೆ ಎಂಬ ಅರ್ಥವಿದೆ. ಆ ಹೆಸರೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ. ಬೆನ್ನಿನಿಂದ ನೀರು ತೆಗೆದು ಅಳೆದಾಗ ಒತ್ತಡ 6 ಸೆಂ.ಮೀ. ನೀರಿನ ಕಂಬಕ್ಕಿಂತ ಕಡಿಮೆ ಇದ್ದರೆ ಸಂಶಯ ಬಲವಾಗುತ್ತದೆ ನಿಜ, ಆದರೆ ಅನೇಕ ರೋಗಿಗಳಲ್ಲಿ ಅದು ಸಾಮಾನ್ಯವಾಗಿಯೇ ಇರುತ್ತದೆ. ಕೊರತೆಯಾಗಿರುವುದು ದ್ರವದ ಪ್ರಮಾಣ. ಚಿತ್ರ ಸ್ಪಷ್ಟವಾಗಿ ಮೂಡಲೆಂದು ಕೊಡುವ ಗ್ಯಾಡೊಲಿನಿಯಂ ಎಂಬ ಮದ್ದಿನ ಇಂಜೆಕ್ಷನ್ ಕೊಟ್ಟು ಮಾಡಿದ ಎಂಆರ್‌ಐಯಲ್ಲಿ ಡ್ಯೂರಾ ಬೆಳ್ಳಗೆ ದಪ್ಪಗೆ ಕಾಣುವುದು ಮುಖ್ಯ ಸುಳಿವು. ಇಂಜೆಕ್ಷನ್ ಇಲ್ಲದೆ ಮಾಡಿದ ಸ್ಕ್ಯಾನಿನಲ್ಲಿ ಇದು ಗೊತ್ತಾಗುವುದಿಲ್ಲ. ಅಕ್ಕನ ಮೊದಲ ಸ್ಕ್ಯಾನ್ ಅಂಥದ್ದೇ ಆಗಿತ್ತು. ತಡಮಾಡಿದರೆ ಮಿದುಳಿನ ಮೇಲ್ಮೈಯಲ್ಲಿ ರಕ್ತ ಕಟ್ಟಿಕೊಳ್ಳುವ ಅಪಾಯವಿರುತ್ತದೆ, ಆದ್ದರಿಂದ ಇದು ಸಹಿಸಿಕೊಂಡು ಕೂರುವ ನೋವಲ್ಲ.

ಬಿದ್ದು ತಲೆಗೆ ಪೆಟ್ಟಾದ ಮೇಲೆ ಮೂಗಿನ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುವುದು ಇನ್ನೊಂದು ಬಗೆಯ ಸೋರಿಕೆ. ಅಲ್ಲಿ ತಲೆನೋವಿಗಿಂತ ಮೆದುಳುಪೊರೆಯ ಸೋಂಕಿನ ಭಯವೇ ದೊಡ್ಡದು. ಅಡಿಕೆ ಮರದಿಂದ ಬಿದ್ದವರಿಗೆ ಹೀಗಾದರೆ ಮಳೆಗಾಲದ ನೆಗಡಿಯೆಂದು ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ವಿಶ್ರಾಂತಿಯಿಂದ ಕೆಲವರಲ್ಲಿ ಪೊರೆ ಹರಿದ ಜಾಗ ತಾನಾಗಿ ಮುಚ್ಚುತ್ತದೆ. ಮುಚ್ಚದಿದ್ದರೆ ರೋಗಿಯ ತೋಳಿನಿಂದಲೇ ರಕ್ತ ತೆಗೆದು, ಬೆನ್ನಿನಲ್ಲಿ ಡ್ಯೂರಾದ ಹೊರಗಿನ ಜಾಗಕ್ಕೆ ನಿಧಾನವಾಗಿ ಸೇರಿಸುತ್ತಾರೆ. ಅದು ಹೆಪ್ಪುಗಟ್ಟಿ ತೇಪೆಯಾಗುತ್ತದೆ. 1960ರಲ್ಲಿ ಇದನ್ನು ಸೂಚಿಸಿದ ಅಮೆರಿಕದ ಜೇಮ್ಸ್ ಗೋರ್ಮ್ಲಿ, ಬೆನ್ನಿಗೆ ಸೂಜಿ ಹಾಕುವಾಗ ರಕ್ತ ಬಂದ ರೋಗಿಗಳಿಗೆ ಆಮೇಲೆ ತಲೆನೋವು ಕಡಿಮೆ ಎಂಬುದನ್ನು ಗಮನಿಸಿದ್ದರು. ಅಭಿಧಮನಿಗೆ ಹರಿಯುವ ಸೋರಿಕೆಗೆ ತೇಪೆ ಸಾಲದೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅಥವಾ ಆ ನಾಳವನ್ನೇ ಒಳಗಿನಿಂದ ಮುಚ್ಚಬೇಕಾಗಬಹುದು.

ಅಕ್ಕನಿಗೆ ಎರಡನೆಯ ತೇಪೆ ಹಿಡಿಯಿತು. ಮರುದಿನ ಅವಳು ಫೋನು ಮಾಡಿ, ಈಗ ಹಣೆಯ ಕಡೆ ನೋವು, ಮಲಗಿದರೆ ಜಾಸ್ತಿ, ಎದ್ದು ಕೂತರೆ ಹಗುರ ಎಂದಳು. ಸೋರಿಕೆ ನಿಂತ ಮೇಲೆ ಒತ್ತಡ ಸ್ವಲ್ಪ ಕಾಲ ಏರುವುದುಂಟೆಂದು ವೈದ್ಯರು ಮೊದಲೇ ತಿಳಿಸಿದ್ದರಿಂದ ನಾವು ಗಾಬರಿಯಾಗಲಿಲ್ಲ. ಎರಡು ವಾರ ಅವಳು ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತೇ ನಿದ್ದೆ ಮಾಡಿದಳು.