ಕುದುರೆಮುಖದ ಗುಡ್ಡಗಳು ಬೋಳಾದದ್ದಲ್ಲ

ಕಾರ್ಕಳದ ಕಡೆಯಿಂದ ಘಾಟಿ ಹತ್ತಿ ಕುದುರೆಮುಖಕ್ಕೆ ಬರುವವರು ಹನುಮನಗುಂಡಿ, ಕಡಾಂಬಿ ಜಲಪಾತ ನೋಡುತ್ತಾರೆ. ಎದುರಿಗಿರುವ ಹುಲ್ಲುಗುಡ್ಡಗಳ ಬಗ್ಗೆ ಮಾತ್ರ ಒಂದೇ ಮಾತು: "ಛೆ, ಕಾಡೆಲ್ಲ ಕಡಿದು ಬೋಳು ಮಾಡಿದ್ದಾರೆ. ಒಂದಿಷ್ಟು ಗಿಡ ನೆಡಬಾರದಾ?" ಇದನ್ನು ಕೇಳಿದಾಗಲೆಲ್ಲ ನನಗೆ ತಲೆಬಿಸಿ.

ಸ್ವಲ್ಪ ಹತ್ತಿರ ಹೋಗಿ ನೋಡಿ. ಎರಡು ಗುಡ್ಡ ಕೂಡುವ ಸಂದಿನಲ್ಲಿ, ಝರಿ ಇಳಿಯುವ ಕಡೆ, ಶೋಲಾ ಕಾಡು. ಮರಗಳು ಗಿಡ್ಡ, ಕೊಂಬೆ ತುಂಬ ಹಾವಸೆ. ಅಂಚಿನ ಮರ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಬರೀ ಹುಲ್ಲು. ಏಣಿನ ಮೇಲೆ ಮಣ್ಣು ತೆಳು, ಮಳೆಗಾಲದ ಗಾಳಿ ಜೋರು, ಬೇಸಿಗೆಯಲ್ಲಿ ಬೆಂಕಿ. ಮರದ ಸಸಿ ಅಲ್ಲಿ ಬದುಕುವುದು ಕಷ್ಟ. ಹುಲ್ಲಿನ ಮೇಲ್ಭಾಗ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ.

ಹಿಂದೆ ಯಾವಾಗಲೋ ಕಡಿದಿರಬಹುದಲ್ವಾ ಅಂತ ಕೇಳಬಹುದು. ಉತ್ತರ ತಮಿಳುನಾಡಿನ ನೀಲಗಿರಿ ಬೆಟ್ಟಗಳ ಜೌಗಿನಲ್ಲಿದೆ. ಅಲ್ಲೂ ಇದೇ ಶೋಲಾ, ಇದೇ ಹುಲ್ಲು. ಹಿಂದೆ ಅಲ್ಲಿ ಏನು ಬೆಳೆದಿತ್ತು ಎನ್ನುವುದನ್ನು ಜೌಗಿನ ಕೆಸರಿನ ಇಂಗಾಲವೇ ಹೇಳುತ್ತದೆ. ಗಾಳಿಯಲ್ಲಿರುವ ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು ಒಂದು ಸ್ವಲ್ಪ ಭಾರದ್ದು, ಅದೇ ಇಂಗಾಲ-13. ಮರಗಳು, ಭತ್ತದಂಥ ಗಿಡಗಳು ಇದನ್ನು ಆದಷ್ಟು ಬಿಟ್ಟು ಹಗುರವಾದದ್ದನ್ನೇ ಹೀರುತ್ತವೆ. ರಾಗಿ, ಜೋಳ, ಕಬ್ಬು ಮತ್ತು ಬೆಟ್ಟದ ಬಹುಪಾಲು ಹುಲ್ಲುಗಳ ದಾರಿ ಬೇರೆ. ಅವು ಮೊದಲು ಇಂಗಾಲವನ್ನು ಹಿಡಿದು, ಎಲೆಯ ಒಳಗಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಸಕ್ಕರೆ ಮಾಡುತ್ತವೆ. ಒಳಗೆ ಹೋದದ್ದು ಸುಲಭಕ್ಕೆ ಹೊರಬರುವುದಿಲ್ಲ. ಹಾಗಾಗಿ ಆರಿಸಿ ಬಿಡುವ ಅವಕಾಶ ಕಡಿಮೆ, ಇಂಗಾಲ-13 ಜಾಸ್ತಿ ಉಳಿಯುತ್ತದೆ. ಗಿಡ ಸತ್ತು ಜೌಗಿನಲ್ಲಿ ಕರಿ ಕೆಸರಾದ ಮೇಲೂ ಆ ಪ್ರಮಾಣ ಅಳಿಯುವುದಿಲ್ಲ. ಪದರ ಪದರವಾಗಿ ಅಳೆದರೆ ಯಾವ ಕಾಲದಲ್ಲಿ ಹುಲ್ಲು ಹೆಚ್ಚಿತ್ತು, ಯಾವಾಗ ಮರ ಹೆಚ್ಚಿತ್ತು ಎಂದು ಗೊತ್ತಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ್ದು ಇದನ್ನೇ. ಸುಮಾರು 20,000 ವರ್ಷದ ಹಿಂದಿನ ಒಣ ಹವೆಯಲ್ಲಿ ಅಲ್ಲಿ ಹುಲ್ಲಿನದೇ ರಾಜ್ಯ. ಮಳೆ ಹೆಚ್ಚಿದಾಗ ಮರ ಮುಂದೆ ಬಂತು, ಕಡಿಮೆಯಾದಾಗ ಹಿಂದೆ ಸರಿಯಿತು. ಕಬ್ಬಿಣದ ಕೊಡಲಿ ಆಗ ಇನ್ನೂ ಹುಟ್ಟಿರಲಿಲ್ಲ ಸ್ವಾಮಿ!

ಮನುಷ್ಯ ಕುದುರೆಮುಖವನ್ನು ಕೆಡಿಸಿಲ್ಲ ಎಂದಲ್ಲ. ಇರಾನಿನ ಷಾ ಸರ್ಕಾರದ ಹಣ ನಂಬಿ ಇಲ್ಲಿ ಕಬ್ಬಿಣದ ಗಣಿ ಶುರುವಾಯಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ಕಡೆಯ ಹಣ ನಿಂತರೂ ಗಣಿ ನಿಲ್ಲಲಿಲ್ಲ. ಅದಿರಿನ ರಾಡಿ ಪೈಪಿನಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಉಳಿದ ಹೂಳನ್ನು ತಡೆಯಲು ಕಟ್ಟಿದ್ದೇ ಲಕ್ಯಾ ಅಣೆಕಟ್ಟು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಶೋಲಾ, ಮಳೆಕಾಡುಗಳ ಸಿಂಗಳೀಕ ಅದಕ್ಕೆ ದೊಡ್ಡ ಕಾರಣ. ಸುಪ್ರೀಂ ಕೋರ್ಟ್ ಆದೇಶದ ಮೇಲೆ ಗಣಿ ನಿಂತದ್ದು 2005ರ ಕೊನೆಗೆ.

ಗಿಡ ನೆಡುವ ಉತ್ಸಾಹವೂ ಕೆಡಿಸುವ ಕೆಲಸವೇ. ಹುಲ್ಲುಗುಡ್ಡಕ್ಕೆ ಅಕೇಶಿಯಾ ಹಾಕಿದರೆ ನೆರಳಿಗೆ ಹುಲ್ಲು ಸಾಯುತ್ತದೆ, ಹುಲ್ಲಲ್ಲೇ ಗೂಡು ಕಟ್ಟುವ ಹಕ್ಕಿಗೆ ಜಾಗ ಇಲ್ಲ. ಕಡವೆಗೆ ಮೇವೂ ಅಷ್ಟೇ.

ಮಳೆ ಬಿಟ್ಟ ಮೇಲೆ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಕುರಿಂಜಲ್ ಗುಡ್ಡ ಹತ್ತಿ. ಮೇಲಿಂದ ನೋಡಿದರೆ ಶೋಲಾ ಎಲ್ಲಿ ನಿಲ್ಲುತ್ತದೆ, ಹುಲ್ಲು ಎಲ್ಲಿ ಶುರು ಎನ್ನುವುದು ಚೆನ್ನಾಗಿ ಕಾಣುತ್ತದೆ. ಬೀಡಿ, ಬೆಂಕಿಪೊಟ್ಟಣ ಮಾತ್ರ ಕೆಳಗೇ ಬಿಟ್ಟು ಹೋಗಿ.