ಪದ ಪರಿಚಯ: ‘ಲವ್‌ಕ್ರಾಫ್ಟಿಯನ್’

ಮಂಗಳೂರು, ಉಡುಪಿ ಕಡೆಯ ಯುವಕರು ಮಾಡುವ ಕಿರುಚಿತ್ರಗಳ ಪೋಸ್ಟರುಗಳಲ್ಲಿ ‘ಲವ್‌ಕ್ರಾಫ್ಟಿಯನ್’ ಎಂಬ ವಿಶೇಷಣ ಈಚೆಗೆ ಧಾರಾಳವಾಗಿ ಕಾಣಿಸಿಕೊಳ್ಳುತ್ತಿದೆ. ತೆರೆಯ ಮೇಲೆ ಕತ್ತಲೆ, ಜಡಿಮಳೆ ಮತ್ತು ಬೊಂಡಾಸಿನ (ಸ್ಕ್ವಿಡ್) ಕಾಲುಗಳಂಥ ಏನಾದರೊಂದು ಇದ್ದರೆ ಈ ಪದ ಬಂದೇ ಬರುತ್ತದೆ. ಅಷ್ಟನ್ನು ಸಹಿಸಬಹುದಿತ್ತು. ಭೂತಕೋಲದ ಕಥೆಯೊಂದಕ್ಕೂ ‘ತುಳುನಾಡಿನ ಲವ್‌ಕ್ರಾಫ್ಟಿಯನ್ ಹಾರರ್’ ಎಂಬ ಹಣೆಪಟ್ಟಿ ಅಂಟಿಸಿದ್ದನ್ನು ಮತ್ತೊಮ್ಮೆ ಓದಿದ ಮೇಲೆ, ಈ ಪದದ ಅರ್ಥವನ್ನು ಬಿಡಿಸಿ ಹೇಳಲೇಬೇಕೆನಿಸಿತು.

ಈ ಪದ ಯಾರ ಹೆಸರಿನಿಂದ ಬಂತೋ ಆ ಅಮೆರಿಕದ ಭಯಾನಕ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ (1890–1937) ತಾನೇ ಇದರ ಅರ್ಥವನ್ನು ಹೇಳಿಟ್ಟಿದ್ದಾನೆ. ‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಸಂಪಾದಕನಿಗೆ 1927ರಲ್ಲಿ ಬರೆದ ಪತ್ರದಲ್ಲಿ, ಮನುಷ್ಯರ ಕಾನೂನು, ಹಿತಾಸಕ್ತಿ, ಭಾವನೆಗಳಿಗೆ ಈ ವಿಶಾಲ ವಿಶ್ವದಲ್ಲಿ ಯಾವ ಬೆಲೆಯೂ ಇಲ್ಲವೆಂಬುದೇ ತನ್ನ ಎಲ್ಲ ಕಥೆಗಳ ತಳಹದಿ ಎಂದು ಅವನು ಸ್ಪಷ್ಟಪಡಿಸುತ್ತಾನೆ. ಅವನ ಕಥೆಗಳಲ್ಲಿ ಬರುವ ಜೀವಿಗಳಿಗೆ ನಮ್ಮ ಮೇಲೆ ದ್ವೇಷವಿಲ್ಲ. ನಾವಿದ್ದೇವೆಂಬುದೇ ಅವುಗಳಿಗೆ ಲೆಕ್ಕಕ್ಕಿಲ್ಲ. ಅದೇ ವರ್ಷ ಪ್ರಕಟವಾದ ‘ದಿ ಕಲರ್ ಔಟ್ ಆಫ್ ಸ್ಪೇಸ್’ ಕಥೆಯಲ್ಲಿ ಒಬ್ಬ ರೈತನ ಹೊಲದಲ್ಲಿ ಉಲ್ಕೆಯೊಂದು ಬೀಳುತ್ತದೆ, ತೋಟದ ಹಣ್ಣುಗಳು ದೊಡ್ಡದಾಗಿ ಹೊಳೆಯುತ್ತ ಬೆಳೆದು ತಿನ್ನಲಾಗದಷ್ಟು ಕಹಿಯಾಗುತ್ತವೆ, ಕೊನೆಗೆ ಮನೆಮಂದಿಯೆಲ್ಲ ನಾಶವಾಗುತ್ತಾರೆ. ಬಂದದ್ದು ಒಂದು ಬಣ್ಣ. ಅದಕ್ಕೆ ಏನು ಬೇಕಿತ್ತೆಂಬುದು ಯಾರಿಗೂ ತಿಳಿಯುವುದಿಲ್ಲ. 2010ರ ಜರ್ಮನ್ ಚಿತ್ರ ‘ಡೀ ಫಾರ್ಬೆ’ ಇದನ್ನು ತನ್ನ ನಾಡಿಗೆ ಒಗ್ಗಿಸಿಕೊಂಡು, ಇಡೀ ಕಥೆಯನ್ನು ಕಪ್ಪು ಬಿಳುಪಿನಲ್ಲಿ ತೋರಿಸಿ, ಆ ಒಂದನ್ನು ಮಾತ್ರ ಬಣ್ಣದಲ್ಲಿ ತೋರಿಸಿತು. ಲವ್‌ಕ್ರಾಫ್ಟನನ್ನು ಅರ್ಥಮಾಡಿಕೊಂಡವರ ಕೆಲಸ ಹೀಗಿರುತ್ತದೆ.

ಇನ್ನು ಭೂತದ ವಿಚಾರ. ಸಂಸ್ಕೃತದ ‘ಭೂ’ ಧಾತುವಿನಿಂದ ಬಂದ ಈ ಪದದ ಮೂಲಾರ್ಥ ‘ಆದದ್ದು, ಇರುವಂಥದ್ದು’ ಎಂದಷ್ಟೆ; ಭೂತಕಾಲ, ಪಂಚಭೂತ, ಭೂತದಯೆ ಎನ್ನುವಾಗ ಯಾರೂ ಬೆಚ್ಚಿಬೀಳುವುದಿಲ್ಲ. ಘಟ್ಟದ ಮೇಲೆ ಅದು ದೆವ್ವ, ಪಿಶಾಚಿ ಎಂಬ ಅರ್ಥಕ್ಕೆ ಸರಿಯಿತು, ಘಟ್ಟದ ಕೆಳಗೆ ದೈವವಾಗಿಯೇ ಉಳಿಯಿತು. ಪಂಜುರ್ಲಿ, ಜುಮಾದಿ, ಬೊಬ್ಬರ್ಯರಿಗೆ ಹುಟ್ಟಿನ ಕಥೆಯಿದೆ, ಅದನ್ನು ಹಾಡುವ ಪಾಡ್ದನವಿದೆ, ನೆಲೆನಿಂತ ಸ್ಥಾನವಿದೆ. ಕೋಲ ಕಟ್ಟುವವರು ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ಪಡೆದು, ಅರದಾಳದ ಹಳದಿ ಮುಖವರ್ಣಿಕೆ ಬರೆದು, ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಅಣಿ ಎಂಬ ಅಲಂಕಾರ ಏರಿಸಿ ನಿಂತಾಗ ದೈವವು ಗುತ್ತಿನ (ಊರಿನ ಹಿರಿಮನೆತನದ) ಜನರನ್ನೂ ಊರವರನ್ನೂ ಹೆಸರು ಹಿಡಿದು, ಮನೆತನ ಹಿಡಿದು ಕರೆಯುತ್ತದೆ. ದೂರು ಕೇಳುತ್ತದೆ, ತಕರಾರು ತೀರಿಸುತ್ತದೆ, ಹರಕೆ ಮರೆತವರನ್ನು ಗದರುತ್ತದೆ, ಕೊನೆಗೆ ಅಭಯದ ನುಡಿ ಕೊಡುತ್ತದೆ. ಅಲ್ಲಿ ಭಯವಿದೆ, ನಿಜ. ಆದರೆ ಅದು ನಮ್ಮನ್ನು ಬಲ್ಲವರ ಮುಂದೆ ನಿಂತ ಭಯ. ಮೀನುಗಾರ ಮೊಗವೀರರು ನಂಬಿಕೊಂಡು ಬಂದ ಬೊಬ್ಬರ್ಯನನ್ನು, ಕಡಲ ತಳದಲ್ಲಿ ಯಾರ ಪರಿವೆಯೂ ಇಲ್ಲದೆ ಮಲಗಿರುವ ಲವ್‌ಕ್ರಾಫ್ಟನ ದೈತ್ಯಜೀವಿ ಕ್ತುಲ್ಹುವಿನೊಂದಿಗೆ ಒಂದೇ ಸಾಲಿನಲ್ಲಿ ಕೂರಿಸುವುದು ಇಬ್ಬರನ್ನೂ ಓದದವರ ಕೆಲಸ.

ಈ ಗೊಂದಲಕ್ಕೆ ಹಳೆಯ ಬೇರೂ ಇದೆ. ಲವ್‌ಕ್ರಾಫ್ಟ್ ತೀರಿಕೊಂಡ ಮೇಲೆ ಅವನ ಕಥೆಗಳನ್ನು ಪ್ರಕಟಿಸಲೆಂದು 1939ರಲ್ಲಿ ಆರ್ಕಮ್ ಹೌಸ್ ಕಟ್ಟಿದವರಲ್ಲಿ ಒಬ್ಬನಾದ ಆಗಸ್ಟ್ ಡರ್ಲೆತ್, ಆ ಜೀವಿಗಳನ್ನು ನೀರು, ಗಾಳಿ, ಬೆಂಕಿ, ಮಣ್ಣುಗಳ ಲೆಕ್ಕದಲ್ಲಿ ವಿಂಗಡಿಸಿ, ಒಳಿತು–ಕೆಡುಕಿನ ಕಾಳಗವನ್ನಾಗಿ ಮಾರ್ಪಡಿಸಿದ. ಅವನು ಆ ಕಥೆಗಳನ್ನು ಉಳಿಸಿಕೊಟ್ಟದ್ದಕ್ಕೆ ಓದುಗರೆಲ್ಲ ಋಣಿಗಳು, ಆದರೆ ಅರ್ಥ ಜಾರಿದ್ದೂ ಅವನ ಕೈಯಿಂದಲೇ.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. 1928ರಲ್ಲಿ ಅಚ್ಚಾದ ‘ದಿ ಕಾಲ್ ಆಫ್ ಕ್ತುಲ್ಹು’ ಕಥೆಯಲ್ಲಿ ಆ ಜೀವಿಯನ್ನು ಆರಾಧಿಸುವವರು ಬಹುಪಾಲು ಬಿಳಿಯರಲ್ಲದ ಜನ, ನಿರೂಪಕ ಅವರನ್ನು ಹೀನರೆಂದೇ ವರ್ಣಿಸುತ್ತಾನೆ. ಲವ್‌ಕ್ರಾಫ್ಟನ ಜನಾಂಗದ್ವೇಷ ಅವನ ಪತ್ರಗಳಲ್ಲೂ ದಾಖಲಾಗಿದೆ. ಹಾಗಿರುವಾಗ ನಮ್ಮ ಕೋಲ, ನೇಮಗಳಿಗೆ ಈ ವಿಶೇಷಣ ಹಚ್ಚಿದವರು, ಕೈಮುಗಿದು ನಿಂತ ತಮ್ಮ ಅಜ್ಜಿಯಂದಿರನ್ನೇ ಆ ಗುಂಪಿನ ಜಾಗದಲ್ಲಿ ನಿಲ್ಲಿಸಿದಂತಾಗುತ್ತದೆ.

‘ಆಧಾರಿತ’, ‘ಪ್ರೇರಿತ’ ಎಂಬೆರಡನ್ನೂ ಬೇರೆಬೇರೆಯಾಗಿಯೇ ಬಳಸಬೇಕು. ಲವ್‌ಕ್ರಾಫ್ಟ್ ಅಭಿಮಾನಿಗಳ ಸಂಘವೊಂದು 2005ರಲ್ಲಿ ‘ದಿ ಕಾಲ್ ಆಫ್ ಕ್ತುಲ್ಹು’ವನ್ನು, ಕಥೆ ಬಂದ ಕಾಲದಲ್ಲೇ ತೆಗೆದ ಸಿನಿಮಾದಂತೆ, ಕಪ್ಪು ಬಿಳುಪಿನ ಮೂಕಿಚಿತ್ರವಾಗಿ ಮಾಡಿತು, ಅದು ಆಧಾರಿತ. 1979ರ ‘ಏಲಿಯನ್’ ಚಿತ್ರದಲ್ಲಿ ಅವನ ಕಥೆಯೂ ಇಲ್ಲ, ಹೆಸರುಗಳೂ ಇಲ್ಲ, ಆದರೂ ಮನುಷ್ಯರನ್ನು ಲೆಕ್ಕಿಸದ ಆ ಅಂತರಿಕ್ಷ ಇದೆ, ಅದು ಪ್ರೇರಿತ. ಬೊಂಡಾಸಿನ ಕಾಲು ಮಾತ್ರ ಎರವಲು ತಂದದ್ದು ಎರಡೂ ಅಲ್ಲ.

ಕರಾವಳಿಯಲ್ಲಿ ಲವ್‌ಕ್ರಾಫ್ಟಿಯನ್ ಕಥೆ ಹುಟ್ಟಲಾರದೆಂದು ಹೇಳುತ್ತಿಲ್ಲ. ಮಲ್ಪೆಯಿಂದ ಹೊರಟ ಬೋಟಿನವರ ಬಲೆಗೆ ಏನೋ ಸಿಕ್ಕಿ, ಊರವರು ದೈವದ ಮುಂದೆ ಅರಿಕೆ ಮಾಡಿದಾಗ, ‘ಇದು ನನ್ನ ಗಡಿಯೊಳಗಿನದಲ್ಲ, ನಾನೂ ಇದನ್ನು ಅರಿಯೆ’ ಎಂಬ ನುಡಿ ಬಂದರೆ ಆ ವಿಶೇಷಣ ಸಲ್ಲುತ್ತದೆ. ಲವ್‌ಕ್ರಾಫ್ಟನ ಕಥೆಗಳನ್ನೇ ನೇರವಾಗಿ ತೆಗೆದುಕೊಳ್ಳುವವರಿಗೂ ಅಡ್ಡಿಯಿಲ್ಲ: ಲೇಖಕ ತೀರಿಕೊಂಡ ಮೇಲೆ 60 ವರ್ಷಗಳ ತನಕ ಎಂಬ ನಮ್ಮ ಕಾಯ್ದೆಯ ಪ್ರಕಾರ ಅವು ಎಂದೋ ಮುಕ್ತವಾಗಿವೆ. 1971ರಲ್ಲಿ ತೀರಿಕೊಂಡ ಡರ್ಲೆತ್‌ನ ಕಥೆಗಳಿಗೆ ಆ ಅವಧಿ ಮುಗಿಯುವುದು 2031ರ ಕೊನೆಗೆ. ಅವನು ಸೇರಿಸಿದ್ದನ್ನು ಲವ್‌ಕ್ರಾಫ್ಟನದೆಂದು ಭಾವಿಸಿ ಚಿತ್ರಕಥೆಗೆ ಇಳಿಸುವ ಮುನ್ನ ಮೂಲವನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು.